ಹೈಸ್ಕೂಲಿನಲ್ಲಿ ಫ್ರೆಂಚ್, ಜರ್ಮನ್ ಭಾಷಾ ಹಬ್ಬ: ಮಕ್ಕಳು ನಿಜಕ್ಕೂ ಮಾತಾಡುವಂತೆ ಮಾಡುವುದು ಹೇಗೆ?

ನಿಮ್ಮದು ಬೆಂಗಳೂರಿನ ಸಿಬಿಎಸ್‌ಇ ಶಾಲೆ, 8 ಮತ್ತು 9ನೇ ತರಗತಿಯಲ್ಲಿ ಫ್ರೆಂಚ್ ಕಲಿಯುವವರು 60, ಜರ್ಮನ್ ಕಲಿಯುವವರು 60, ಜೊತೆಗೊಂದು ಸಣ್ಣ ಜಪಾನೀಸ್ ಕ್ಲಬ್ಬು. ಸಿಕ್ಕಿರುವುದು ಎರಡು ಪಿರಿಯಡ್, ಅಂದರೆ 80 ನಿಮಿಷ. ಹಬ್ಬವನ್ನು ಯಾವಾಗ ಮಾಡಬೇಕು, ಏನೇನು ಇಡಬೇಕು ಎಂದು ಕೇಳಿದ್ದೀರಿ.

ಮೊದಲು ದಿನದ ವಿಚಾರ. ಯುರೋಪಿನ ಭಾಷಾ ದಿನ ಸೆಪ್ಟೆಂಬರ್ 26. ಕೌನ್ಸಿಲ್ ಆಫ್ ಯುರೋಪ್ 2001ರಿಂದ ಆಚರಿಸುತ್ತಿದೆ. ಆದರೆ ನಮ್ಮಲ್ಲಿ ಅದು ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆಯ ಆಸುಪಾಸಿಗೆ ಬಂದು ಕೂರುತ್ತದೆ. ವಿಶ್ವಸಂಸ್ಥೆಯ ಫ್ರೆಂಚ್ ಭಾಷಾ ದಿನ ಮಾರ್ಚ್ 20, ಆಗ ವಾರ್ಷಿಕ ಪರೀಕ್ಷೆ. ನವೆಂಬರ್ ತುಂಬಾ ರಾಜ್ಯೋತ್ಸವದ ಕಾರ್ಯಕ್ರಮಗಳು. ಹಾಗಾಗಿ ನನ್ನ ಆಯ್ಕೆ ಜುಲೈ ಎರಡನೇ ವಾರ. ಜುಲೈ 7 ಜಪಾನಿನ ತಾನಾಬಾತಾ ಹಬ್ಬ, ಜುಲೈ 14 ಫ್ರಾನ್ಸಿನ ರಾಷ್ಟ್ರೀಯ ದಿನ. ಪಾಠ ಶುರುವಾಗಿ ಒಂದು ತಿಂಗಳಾಗಿರುತ್ತದೆ, ಪರೀಕ್ಷೆಯ ಒತ್ತಡ ಇನ್ನೂ ಇರುವುದಿಲ್ಲ.

ಇಂಥ ಹಬ್ಬಗಳು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಐಫೆಲ್ ಟವರಿನ ಥರ್ಮೋಕೋಲ್ ಮಾದರಿ, ಬಾವುಟ, ತಿಂಡಿ, ಫ್ಯಾಷನ್ ಶೋ ಎಲ್ಲಾ ಇರುತ್ತವೆ, ಆದರೆ ಇಡೀ ದಿನ ಮಕ್ಕಳು ಇಂಗ್ಲಿಷಿನಲ್ಲೇ ಮಾತಾಡಿ ಮನೆಗೆ ಹೋಗುತ್ತಾರೆ. ಅದಕ್ಕೇ ಒಂದು ನಿಯಮ ಇಟ್ಟುಕೊಳ್ಳಿ. ಆ ಭಾಷೆಯಲ್ಲಿ ಬಾಯಿ ಬಿಡದೆ ಯಾವ ಸ್ಟಾಲಿನಲ್ಲೂ ಏನೂ ಸಿಗಬಾರದು.

ಐದು ಕೌಂಟರ್ ಸಾಕು: ಕೆಫೆ, ರೈಲ್ವೆ ಟಿಕೆಟ್, ಹಣ್ಣಿನ ಅಂಗಡಿ, ಔಷಧಿ ಅಂಗಡಿ, ಕಳೆದುಹೋದ ಸಾಮಾನಿನ ಕಚೇರಿ. ಪ್ರತಿಯೊಂದರ ಹಿಂದೆ ಫ್ರೆಂಚಿಗೆ ಒಬ್ಬರು, ಜರ್ಮನ್‌ಗೆ ಒಬ್ಬರು. ಹೀಗೆ ಹತ್ತು ಮಕ್ಕಳು ಒಳಗೆ ನಿಂತರೆ ಹೊರಗೆ 110 ಉಳಿಯುತ್ತಾರೆ. ತಲಾ ಐದು ಸಂಭಾಷಣೆ ಅಂದರೆ 550. ಒಂದಕ್ಕೆ ಒಂದು ನಿಮಿಷ, ಏಕಕಾಲಕ್ಕೆ ಹತ್ತು ನಡೆದರೆ 55 ನಿಮಿಷ. ಓಡಾಟ, ಗಲಾಟೆ, ಅರ್ಧದಲ್ಲಿ ಕೌಂಟರಿನವರನ್ನು ಬದಲಿಸುವುದು ಎಲ್ಲಾ ಸೇರಿ 80 ನಿಮಿಷಕ್ಕೆ ಸರಿಹೋಗುತ್ತದೆ. ಆರನೇ ಕೌಂಟರಿನ ಆಸೆಗೆ ಬೀಳಬೇಡಿ, ಸಮಯ ಸಾಲುವುದಿಲ್ಲ. ಪ್ರತಿ ಮಗುವಿಗೂ ಎ4 ಹಾಳೆ ಮಡಿಸಿ ಮಾಡಿದ ಒಂದು ಪಾಸ್‌ಪೋರ್ಟ್ ಕೊಡಿ. ಮಾತು ಮುಗಿದ ಮೇಲೆ ಕೌಂಟರಿನವರು ಸೀಲು ಒತ್ತುತ್ತಾರೆ.

ವಾಕ್ಯಗಳ ಚಾರ್ಟನ್ನು ಕೌಂಟರಿಗೇ ಅಂಟಿಸಬೇಡಿ, ಮಕ್ಕಳು ಅದನ್ನು ಓದಿ ಮುಗಿಸುತ್ತಾರೆ. ಸಾಲು ಶುರುವಾಗುವ ಕಡೆ, ಮೂರು ಮೀಟರ್ ಹಿಂದೆ ತೂಗುಹಾಕಿ. ಓದಿಕೊಂಡು, ನೆನಪಿಟ್ಟುಕೊಂಡು ಬರಬೇಕು. ಬಾಯಿಪಾಠ ಮಾಡಿ ಬಂದವರಿಗೂ ಒಂದು ತಿರುವು ಇರಲಿ. ಕೆಫೆಯಲ್ಲಿ ‘ಜ ವುದ್ರೆ ಊನ್ ಕ್ರೆಪ್’ (ನನಗೊಂದು ಕ್ರೆಪ್, ಅಂದರೆ ಫ್ರೆಂಚರ ತೆಳು ದೋಸೆ, ಬೇಕು) ಎಂದ ಕೂಡಲೇ ಕೊಟ್ಟುಬಿಡದೆ, ಸಕ್ಕರೆಯೋ ಜಾಮೋ ಎಂದು ಮರುಪ್ರಶ್ನೆ ಹಾಕಬೇಕು. ಸಕ್ಕರೆಯದಕ್ಕೆ 2 ಕಾಗದದ ಯೂರೋ, ಜಾಮಿನದಕ್ಕೆ 3. ಕಿವಿಗೊಟ್ಟು ಕೇಳಿ ಉತ್ತರಿಸುವ ಕೆಲಸ ಶುರುವಾಗುವುದು ಅಲ್ಲೇ.

ಟಿಕೆಟ್ ಕೌಂಟರಿನಲ್ಲಿ ಹೆಸರಿನ ಸ್ಪೆಲಿಂಗ್ ಕೇಳಿಸಿ. ನಮ್ಮ ಮಕ್ಕಳು ಅತಿ ಹೆಚ್ಚು ಎಡವುವುದು ಇಲ್ಲಿ. ಇಂಗ್ಲಿಷಿನ ‘ಜಿ’ ಅಕ್ಷರಕ್ಕೆ ಫ್ರೆಂಚರು ‘ಝೆ’ ಎನ್ನುತ್ತಾರೆ, ‘ಜೆ’ ಅಕ್ಷರಕ್ಕೆ ‘ಝಿ’. ಪೂರ್ತಿ ಅದಲುಬದಲು. ಗಿರಿಜಾ ಎಂಬ ಹುಡುಗಿ ತನ್ನ ಹೆಸರು ಹೇಳಿದರೆ ಕೌಂಟರಿನವನು ಬರೆದುಕೊಳ್ಳುವಾಗ ಎರಡೂ ಕಡೆ ತಪ್ಪಬಹುದು. ಜರ್ಮನ್‌ನಲ್ಲಿ ‘ಇ’ (E) ಅಕ್ಷರದ ಹೆಸರು ‘ಏ’, ‘ಐ’ (I) ಅಕ್ಷರದ್ದು ‘ಈ’. ಹಬ್ಬದ ಹಿಂದಿನ ವಾರ ಹತ್ತು ನಿಮಿಷ ಇದನ್ನೇ ಅಭ್ಯಾಸ ಮಾಡಿಸಿ.

ಸಂಖ್ಯೆ ಕೂಗಿ ಆಡಿಸುವ ಹೌಸಿಯನ್ನು ಖಂಡಿತ ಬಿಡಬೇಡಿ, ಆದರೆ ಹಿಂದಿನ ದಿನ ಆಯಾ ತರಗತಿಯಲ್ಲೇ ಆಡಿಸಿ. ಸಂಖ್ಯೆ ಕಲಿಸಲು ಇಷ್ಟು ಒಳ್ಳೆಯ ಆಟ ನನಗೆ ಬೇರೆ ಗೊತ್ತಿಲ್ಲ. ಫ್ರೆಂಚಿನಲ್ಲಿ 70 ಅಂದರೆ ಅರವತ್ತು-ಹತ್ತು, 80 ಅಂದರೆ ನಾಲ್ಕು-ಇಪ್ಪತ್ತು. 74 ಎಂದು ಕೂಗಿದರೆ ‘ಸೊಆಸಾಂತ್’ ಕಿವಿಗೆ ಬಿದ್ದ ತಕ್ಷಣ ಮಗುವಿನ ಪೆನ್ಸಿಲ್ 60ರ ಸಾಲಿಗೆ ಓಡುತ್ತದೆ. ಜರ್ಮನ್‌ನಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. 34ನ್ನು ‘ನಾಲ್ಕು ಮತ್ತು ಮೂವತ್ತು’ ಎನ್ನುವುದರಿಂದ ಮಕ್ಕಳು 43ಕ್ಕೆ ಗೆರೆ ಎಳೆಯುತ್ತಾರೆ. ಮಾಮೂಲಿ ಒಂದು ಸುತ್ತಾದ ಮೇಲೆ ಫ್ರೆಂಚ್ ಮಕ್ಕಳಿಗೆ 60ರಿಂದ 90ರೊಳಗಿನ ಸಂಖ್ಯೆಗಳೇ ಇರುವ ಟಿಕೆಟ್ ಮಾಡಿಕೊಡಿ. ಒಟ್ಟು 31 ಸಂಖ್ಯೆ, ಒಂದಕ್ಕೆ 15 ಸೆಕೆಂಡ್ ಕೊಟ್ಟರೂ ಎಂಟು ನಿಮಿಷದಲ್ಲಿ ಆಟ ಮುಗಿಯುತ್ತದೆ. ಪ್ರತಿ ಸಂಖ್ಯೆಯನ್ನು ಎರಡು ಸಲ ಕೂಗಿ, ಬೋರ್ಡಿನ ಮೇಲೆ ಬರೆಯಬೇಡಿ. ಗೆದ್ದವರು ತಮ್ಮ ಸಂಖ್ಯೆಗಳನ್ನು ಅದೇ ಭಾಷೆಯಲ್ಲಿ ಓದಿ ಹೇಳಬೇಕು, ತಪ್ಪಿದರೆ ಆಟ ಮುಂದುವರಿಯುತ್ತದೆ. ದುಡ್ಡು ಬೇಡ, ಬಹುಮಾನಕ್ಕೆ ಪೆನ್ಸಿಲ್ ಸಾಕು.

ಕ್ರೆಪ್ ವಿಚಾರಕ್ಕೆ ಬರೋಣ. ಹಲವು ಶಾಲೆಗಳಲ್ಲಿ ಮೊಟ್ಟೆಗೆ ಅನುಮತಿ ಇರುವುದಿಲ್ಲ, ಮೊಟ್ಟೆ ಇಲ್ಲದೆ ಮಾಡುವ ಅಳತೆ ಇದು. 250 ಗ್ರಾಂ ಮೈದಾ, ಎರಡು ಚಮಚ ಕಾರ್ನ್‌ಫ್ಲೋರ್, ಅರ್ಧ ಲೀಟರ್ ಹಾಲು, ಎರಡು ಚಮಚ ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ. ಹಾಲನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಸಿ, ಒಟ್ಟಿಗೆ ಸುರಿದರೆ ಗಂಟಾಗುತ್ತದೆ. ಆಮೇಲೆ ನೀರು ಹಾಕಿ, ನೀರ್ ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇರುವಂತೆ ಹದ ಮಾಡಿ ಅರ್ಧ ಗಂಟೆ ಬಿಡಿ. ಅಂಗೈ ಅಗಲದಷ್ಟೇ ಹುಯ್ಯಿರಿ, ಮೊಟ್ಟೆ ಇಲ್ಲದ್ದು ದೊಡ್ಡದಾದರೆ ಮಗುಚುವಾಗ ಹರಿಯುತ್ತದೆ. ಈ ಅಳತೆಗೆ ಸುಮಾರು 25 ಬರುತ್ತವೆ, ನಿಮಗೆ ಐದು ಪಟ್ಟು ಬೇಕು. ಒಗ್ಗರಣೆ ವಾಸನೆ ಹಿಡಿದ ಕಾವಲಿ ಬಳಸಬೇಡಿ.

ಒಂದೊಂದಕ್ಕೆ ಒಂದೂವರೆ ನಿಮಿಷ ಹಿಡಿದರೂ 120ಕ್ಕೆ ಒಂದು ಒಲೆಯಲ್ಲಿ ಮೂರು ಗಂಟೆ. ಆದ್ದರಿಂದ ಬೆಳಿಗ್ಗೆಯೇ ಕ್ಯಾಂಟೀನಿನಲ್ಲಿ ಮಾಡಿಸಿ, ಬಟ್ಟೆ ಮುಚ್ಚಿಟ್ಟು, ಕೌಂಟರಿನಲ್ಲಿ ಬಿಸಿ ಮಾಡಿ ಕೊಡುವುದಷ್ಟೇ ಇಟ್ಟುಕೊಳ್ಳಿ. ಇಂಡಕ್ಷನ್ ಒಲೆ 2000 ವಾಟ್ ಇದ್ದರೆ ಹೆಚ್ಚುಕಡಿಮೆ 9 ಆಂಪಿಯರ್ ಎಳೆಯುತ್ತದೆ. ತರಗತಿಯ 6 ಆಂಪಿಯರ್ ಪ್ಲಗ್ಗಿಗೆ ಹಾಕಲೇಬಾರದು. 16 ಆಂಪಿಯರ್ ಪ್ಲಗ್ಗಿಗೆ ಒಂದೇ ಒಲೆ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಒಲೆಯ ಹತ್ತಿರ ದೊಡ್ಡವರೊಬ್ಬರು ನಿಂತಿರಲಿ.

ಜಪಾನೀಸ್ ಕ್ಲಬ್ಬಿಗೆ ತಾನಾಬಾತಾ ಹೇಳಿ ಮಾಡಿಸಿದ್ದು. ಬಣ್ಣದ ಕಾಗದದ ಪಟ್ಟಿಯ ಮೇಲೆ ಮಕ್ಕಳು ತಮ್ಮ ಆಸೆಯನ್ನು ಮೇಲಿನಿಂದ ಕೆಳಕ್ಕೆ ಬರೆದು ಬಿದಿರಿನ ಕೊಂಬೆಗೆ ಕಟ್ಟುತ್ತಾರೆ. ಕಡಿದ ಬಿದಿರಿನ ಎಲೆ ಕೆಲವೇ ಗಂಟೆಗಳಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ, ಅವತ್ತು ಬೆಳಿಗ್ಗೆಯೇ ತರಿಸಿ. ಜುಲೈ ಮಳೆಗೆ ಸ್ಕೆಚ್ ಪೆನ್ನಿನ ಶಾಯಿ ಇಳಿದುಹೋಗುತ್ತದೆ, ಬಾಲ್ ಪೆನ್ನಿನಲ್ಲಿ ಬರೆಸಿ ಕಾರಿಡಾರಿನೊಳಗೇ ನಿಲ್ಲಿಸಿ.

ಅತಿಥಿ ಬೇಕಿದ್ದರೆ ಫ್ರೆಂಚ್ ಕಲಿಸುವ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ, ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರೆದು ಕೇಳಿ. ರಜೆಗೆ ಮೊದಲೇ, ಏಪ್ರಿಲ್‌ನಲ್ಲಿ ಬರೆಯಿರಿ. ಬಂದವರನ್ನು ವೇದಿಕೆಯಲ್ಲಿ ಕೂರಿಸಿ ಭಾಷಣ ಮಾಡಿಸುವುದಕ್ಕಿಂತ ಹಣ್ಣಿನ ಅಂಗಡಿಯ ಹಿಂದೆ ನಿಲ್ಲಿಸಿ. ಫ್ರಾನ್ಸಿನವರೊಬ್ಬರ ಹತ್ತಿರ ಅರ್ಧ ಕಿಲೋ ಸೇಬು ಕೇಳಿ ಪಡೆದ ಮಗುವಿನ ಧೈರ್ಯವೇ ಬೇರೆ.

ಕೊನೆಯಲ್ಲಿ ಪಾಸ್‌ಪೋರ್ಟುಗಳನ್ನು ವಾಪಸ್ ತೆಗೆದುಕೊಂಡು, ಯಾವ ಸೀಲು ಹೆಚ್ಚು ಮಕ್ಕಳಲ್ಲಿ ಖಾಲಿ ಉಳಿದಿದೆ ಎಂದು ನೋಡಿ. ಔಷಧಿ ಅಂಗಡಿಯದು ಖಾಲಿಯಿದ್ದರೆ ದೇಹದ ಭಾಗಗಳ ಪಾಠವನ್ನು ಮುಂದಿನ ವಾರ ಇನ್ನೊಮ್ಮೆ ತೆಗೆದುಕೊಳ್ಳಿ.