ಅದು ಗಿಟಾರ್ ಅಲ್ಲ, ಬೇಸ್

ಅಮೆರಿಕದ ರಾಕ್ ತಂಡ ವಯೊಲೆಂಟ್ ಫೆಮ್ಸ್‌ನ ಹಳೇ ವಿಡಿಯೋದಲ್ಲಿ ಅಷ್ಟು ದಪ್ಪ ಗಿಟಾರ್ ಹಿಡಿದವರು ಯಾರು, ಆಮೇಲೆ ಏನಾದರು ಅಂತ ಕೇಳಿದ್ದೀರಿ. ಅವರು ಬ್ರಯಾನ್ ರಿಚಿ. ಕೈಯಲ್ಲಿರುವುದು ಅರ್ನಿ ಬಾಲ್ ಕಂಪನಿಯ ಅರ್ತ್‌ವುಡ್ ಅಕೌಸ್ಟಿಕ್ ಬೇಸ್, ಅಂದರೆ ಕರೆಂಟ್ ಇಲ್ಲದೆ ತಗ್ಗು ಸ್ವರ ನುಡಿಸುವ ತಂತಿವಾದ್ಯ. ಮೆಕ್ಸಿಕೋದ ದೊಡ್ಡ ಹೊಟ್ಟೆಯ ಬೇಸ್ ವಾದ್ಯ ಗಿಟಾರೋನ್ ನೋಡಿ ಮಾಡಿದ್ದು. ತಗ್ಗು ಸ್ವರ ಗಟ್ಟಿಯಾಗಿ ಕೇಳಬೇಕಾದರೆ ಒಳಗೆ ಗಾಳಿ ಜಾಸ್ತಿ ಬೇಕು, ಅದಕ್ಕೇ ಆ ಡೊಳ್ಳು ಹೊಟ್ಟೆ!

ಸುಮ್ನೆ ಶೋಕಿಗೆ ಹಿಡಿದಿದ್ದಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ ಈ ತಂಡದವರು ಬೀದಿಯಲ್ಲೇ ನುಡಿಸುತ್ತಿದ್ದರು. ಫುಟ್‌ಪಾತಿನಲ್ಲಿ ಆಂಪ್‌ಗೆ (ಸದ್ದು ಹೆಚ್ಚಿಸುವ ಪೆಟ್ಟಿಗೆಗೆ) ಕರೆಂಟ್ ಯಾರು ಕೊಡುತ್ತಾರೆ? 1981ರಲ್ಲಿ ಓರಿಯಂಟಲ್ ಥಿಯೇಟರ್ ಹೊರಗೆ ಹೀಗೇ ನುಡಿಸುವಾಗ, ಅವತ್ತು ಒಳಗೆ ಕಾರ್ಯಕ್ರಮವಿದ್ದ ಪ್ರಿಟೆಂಡರ್ಸ್ ಎಂಬ ರಾಕ್ ತಂಡದ ಕಣ್ಣಿಗೆ ಬಿದ್ದರು. ಅದೇ ರಾತ್ರಿ ವೇದಿಕೆ ಹತ್ತಿದರು.

1983ರ ಮೊದಲ ಆಲ್ಬಂ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಡ್ರಮ್ ಅಂದರೆ ಹೆಚ್ಚುಕಡಿಮೆ ಒಂದು ಸ್ನೇರ್ (ಚಿಕ್ಕ ಡ್ರಮ್), ಅದರ ಮೇಲೆ ಕೋಲಿನ ಬದಲು ಬ್ರಷ್. ಜಾಗ ಖಾಲಿ ಖಾಲಿ. ಆ ಖಾಲಿಯಲ್ಲಿ ಬೇಸ್ ತಾಳ ಹಿಡಿಯುತ್ತಲೇ ಲೀಡ್ ಗಿಟಾರ್ ಕೆಲಸವನ್ನೂ ಮಾಡುತ್ತದೆ. ನನಗೆ ಹಾಡಿಗಿಂತ ಅದೇ ಇಷ್ಟ. ಆಲ್ಬಂ ಪ್ಲಾಟಿನಂ (ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿ) ಆಗಿದ್ದು 1991ರಲ್ಲಿ, ಅಷ್ಟು ನಿಧಾನ.

ಮುಂದೆ 2007ರಲ್ಲಿ ರಿಚಿ ತಮ್ಮ ತಂಡದ ಗಾಯಕನ ಮೇಲೇ ಕೇಸ್ ಹಾಕಿದರು, ಹಾಡುಗಳ ಹಕ್ಕು, ದುಡ್ಡಿನ ವಿಚಾರ. ತಂಡ ಒಡೆಯಿತು. 2013ರಲ್ಲಿ ಮತ್ತೆ ಒಂದಾದರು. ಆ ಹೊತ್ತಿಗೆ ರಿಚಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಹೋಬಾರ್ಟ್ ಸೇರಿಯಾಗಿತ್ತು. ಅಲ್ಲಿ ಮೋನಾ ಫೋಮಾ ಎಂಬ ಸಂಗೀತ, ಕಲೆಯ ಉತ್ಸವಕ್ಕೆ ಕಲಾವಿದರನ್ನು ಆರಿಸುವ ಕೆಲಸ ಅವರದೇ ಆಗಿತ್ತು, ಆ ಉತ್ಸವ 2024ರಲ್ಲಿ ನಿಂತಿತು. ಜೊತೆಗೆ ಶಾಕುಹಾಚಿ ನುಡಿಸುತ್ತಾರೆ. ಜಪಾನಿನ ಬಿದಿರು ಕೊಳಲು ಅದು, ನಮ್ಮ ಕೊಳಲಿನಂತೆ ಅಡ್ಡ ಅಲ್ಲ, ನೆಟ್ಟಗೆ ಹಿಡಿದು ಊದುವುದು.