ಕ್ಷಮಿಸಿದ್ದೇನೆ, ಆದರೆ ಕೈ ಮೇಲೇಳುತ್ತಿಲ್ಲ

ಪ್ರಶ್ನೆ: ನಾನು ಮತ್ತು ನನ್ನ ಗೆಳತಿ ಒಂದೇ ಸಭೆಯವರು. ಹದಿನೆಂಟು ವರ್ಷದ ಸ್ನೇಹ. ಇಬ್ಬರೂ ಕೂಡಿ ನಡೆಸುತ್ತಿದ್ದ ವ್ಯವಹಾರದಲ್ಲಿ ಆಕೆ ನನ್ನ ಸಹಿ ತಾನೇ ಹಾಕಿ ಹಣ ತೆಗೆದಿದ್ದಳು. ಅದಕ್ಕಿಂತ ಹೆಚ್ಚು ನೋಯಿಸಿದ್ದು, ನಾನು ನಂಬಿ ಹೇಳಿಕೊಂಡಿದ್ದ ಮನೆಯ ಸಂಗತಿಗಳನ್ನು ನಾಲ್ಕು ಜನರ ಮುಂದೆ ಆಡಿದ್ದು. ಈಗ ‘ತಪ್ಪಾಯಿತು’ ಎನ್ನುತ್ತಾಳೆ, ಹಣದ ಮಾತೆತ್ತುವುದಿಲ್ಲ. ‘ನೀನು ಕ್ಷಮಿಸದಿದ್ದರೆ ದೇವರು ನಿನ್ನನ್ನೂ ಕ್ಷಮಿಸುವುದಿಲ್ಲ’ ಎಂದು ಸಭೆಯ ಹಿರಿಯರೊಬ್ಬರು ಹೇಳಿದಾಗ ಕ್ಷಮಿಸಿದ್ದೇನೆ ಎಂದುಬಿಟ್ಟೆ. ಆದರೆ ಆರಾಧನೆಯಲ್ಲಿ ಸಮಾಧಾನದ ವಂದನೆ ಹಂಚಿಕೊಳ್ಳುವಾಗ ಆಕೆ ಕೈ ಚಾಚಿದರೆ ನನ್ನ ಕೈ ಮೇಲೇಳುವುದಿಲ್ಲ. ನನ್ನ ವಿಶ್ವಾಸವೇ ಸುಳ್ಳೇ?

ಉತ್ತರ: ಇಲ್ಲ, ಸಹೋದರಿ. ಬಾಯಿ ಅವಸರದಲ್ಲಿ ಒಪ್ಪಿಕೊಂಡದ್ದನ್ನು ಕೈ ಇನ್ನೂ ಒಪ್ಪಿಲ್ಲ, ಅಷ್ಟೇ.

ದ್ರೋಹಕ್ಕೆ ಕ್ಷಮೆಯುಂಟೇ ಎಂದರೆ ಕ್ರೈಸ್ತ ವಿಶ್ವಾಸದ ಉತ್ತರ ‘ಉಂಟು’ ಎಂದೇ. ಅದಕ್ಕೆ ನಾನು ನೀರು ಬೆರೆಸಲಾರೆ. ಹಿರಿಯರು ಹೇಳಿದ ಮಾತು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯ ಬಾಯಿಂದಲೇ ಬಂದದ್ದು. ಆದರೆ ಲೂಕನ 17ನೆಯ ಅಧ್ಯಾಯದಲ್ಲಿ ಅವರೇ ಇನ್ನೊಂದು ಮಾತನ್ನೂ ಹೇಳಿದ್ದಾರೆ: ಸಹೋದರನು ತಪ್ಪು ಮಾಡಿದರೆ ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು. ನೊಂದವಳಿಗೆ ಮೊದಲನೆಯದನ್ನು ಓದಿ ಹೇಳಿದವರು, ನೋಯಿಸಿದವಳ ಬಳಿ ಎರಡನೆಯದನ್ನು ಹಿಡಿದು ಹೋಗಬೇಕಿತ್ತು. ಹೋಗಲಿಲ್ಲವೆಂಬುದು ನನಗೆ ನಿಜವಾಗಿ ಬೇಸರ ತರಿಸಿದೆ.

ಕ್ಷಮೆ ಎಂದು ನಾವು ಓದುವ ಕಡೆ ಗ್ರೀಕ್ ಮೂಲದಲ್ಲಿ ಹೆಚ್ಚಾಗಿ ಇರುವ ಪದ ‘ಅಫಿಯೆಮಿ’, ಎಂದರೆ ಬಿಟ್ಟುಬಿಡು. ಸಾಲ ಮನ್ನಾ ಮಾಡುವುದಕ್ಕೂ ಅದೇ ಪದ. ಮತ್ತಾಯನ 18ನೆಯ ಅಧ್ಯಾಯದ ಸಾಮ್ಯದ ಕಥೆಯಲ್ಲಿ ಅರಸನು ತನ್ನ ಆಳಿನ ಹತ್ತು ಸಾವಿರ ತಲಾಂತುಗಳ, ಎಂದರೆ ಎಂದೂ ತೀರಿಸಲಾಗದಷ್ಟು ದೊಡ್ಡ ಮೊತ್ತದ, ಸಾಲವನ್ನು ಬಿಟ್ಟುಬಿಡುತ್ತಾನೆ. ಬಿಡಿಸಿಕೊಂಡ ಆ ಆಳು ಹೊರಗೆ ಹೋಗಿ ನೂರು ದೀನಾರಕ್ಕಾಗಿ ಜೊತೆಯ ಆಳಿನ ಕುತ್ತಿಗೆ ಹಿಚುಕುತ್ತಾನೆ. ನೂರು ದೀನಾರವೆಂದರೆ ಪುಡಿಗಾಸು ಎಂಬಂತೆ ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೇನೆ. ಹಾಗಲ್ಲ. ಒಂದು ದೀನಾರ ಕೂಲಿಯವನ ಒಂದು ದಿನದ ದುಡಿಮೆ. ನೂರು ದೀನಾರ ಮೂರು ತಿಂಗಳಿಗೂ ಮಿಕ್ಕಿದ ಅನ್ನ. ನಿಮಗಾದ ನಷ್ಟವನ್ನು ಯೇಸುಸ್ವಾಮಿ ಚಿಕ್ಕದೆಂದು ಎಣಿಸಿಲ್ಲ. ಇನ್ನೊಂದನ್ನೂ ಗಮನಿಸಿ: ಆ ಅರಸನು ಮೊದಲು ಕೂತು ಲೆಕ್ಕ ನೋಡುತ್ತಾನೆ, ಮನ್ನಾ ಮಾಡುವುದು ಆಮೇಲೆ. ನಿಮ್ಮ ವಿಷಯದಲ್ಲಿ ಲೆಕ್ಕದ ಪುಸ್ತಕ ತೆರೆಯುವ ಮೊದಲೇ ಮನ್ನಾಕ್ಕೆ ನಿಮ್ಮಿಂದ ಒಪ್ಪಿಗೆ ಪಡೆದಿದ್ದಾರೆ.

ಇಂಥ ಪ್ರಶ್ನೆ ಬಂದಾಗಲೆಲ್ಲ ನಾನು ತಿರುಗಿ ಹೋಗುವುದು ಹಳೆಯ ಒಡಂಬಡಿಕೆಯ ಯೋಸೇಫನ ಬಳಿಗೆ. ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಆಗ ಅವನಿಗೆ ಹದಿನೇಳರ ಪ್ರಾಯ. ಮಾರಿಬಿಡೋಣ ಎಂದು ಸೂಚಿಸಿದವನು ಅಣ್ಣಂದಿರಲ್ಲಿ ಒಬ್ಬನಾದ ಯೆಹೂದ. ಆದಿಕಾಂಡದ ಲೆಕ್ಕದಲ್ಲಿ ಸುಮಾರು 20 ವರ್ಷ ದಾಟಿದ ಮೇಲೆ, ಬರಗಾಲದಲ್ಲಿ ಧಾನ್ಯ ಕೊಳ್ಳಲು ಬಂದು ಅದೇ ಅಣ್ಣಂದಿರು ಐಗುಪ್ತದ ಅಧಿಪತಿಗೆ ಅಡ್ಡಬೀಳುತ್ತಾರೆ. ಆ ಅಧಿಪತಿಯೇ ತಮ್ಮನೆಂದು ಅವರಿಗೆ ತಿಳಿಯದು. ಅವನು ಚೀಲ ತುಂಬ ಧಾನ್ಯ ಕೊಡುತ್ತಾನೆ, ಅವರು ತೆತ್ತ ಹಣವನ್ನೂ ಗುಟ್ಟಾಗಿ ಅದೇ ಚೀಲಗಳಲ್ಲಿ ಇಡಿಸುತ್ತಾನೆ. ಆದರೆ ತಾನು ಯಾರೆಂದು ಹೇಳುವುದಿಲ್ಲ. ಅವರ ಭಾಷೆ ತನ್ನ ತಾಯಿಭಾಷೆಯೇ ಆಗಿದ್ದರೂ ದುಭಾಷಿಯನ್ನು ನಡುವೆ ನಿಲ್ಲಿಸಿಕೊಂಡೇ ಮಾತಾಡುತ್ತಾನೆ. ಒಮ್ಮೆ ದುಃಖ ತಡೆಯಲಾರದೆ ಒಳಕೋಣೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರುತ್ತಾನೆ. ಬಂದವನು ಊಟ ಬಡಿಸಿರಿ ಎನ್ನುತ್ತಾನೆ, ಅಷ್ಟೇ.

ಸಹೋದರಿ, ನಿಮ್ಮ ಮೇಲೇಳದ ಕೈ ಆ ದುಭಾಷಿಯ ಜಾಗದಲ್ಲಿದೆ. ಯೋಸೇಫನಿಗೆ ಪ್ರೀತಿಯಿರಲಿಲ್ಲವೆಂದು ಯಾರಾದರೂ ಹೇಳಿಯಾರೇ?

ಅವನು ಕಾದದ್ದು ಒಂದನ್ನು ನೋಡಲು. ಕಿರಿಯವನಾದ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿಯ ಪಾತ್ರೆಯನ್ನು ಇಡಿಸಿ ಅವನನ್ನು ಹಿಡಿಸಿದನು. ಒಬ್ಬ ತಮ್ಮನನ್ನು ಕೈಬಿಟ್ಟು ತಪ್ಪಿಸಿಕೊಳ್ಳುವ ಅವಕಾಶ ಅಣ್ಣಂದಿರಿಗೆ ಎರಡನೆಯ ಸಲ ಬಂತು. ಆಗ ಮುಂದೆ ಬಂದವನು ಅದೇ ಯೆಹೂದ: ಹುಡುಗನನ್ನು ಬಿಡಿ, ಅವನ ಬದಲಿಗೆ ನಾನು ಗುಲಾಮನಾಗುತ್ತೇನೆ. ಆ ಮಾತು ಕೇಳಿದ ಮೇಲೆಯೇ ಯೋಸೇಫನು ಎಲ್ಲರನ್ನೂ ಹೊರಗೆ ಕಳಿಸಿ, ಗಟ್ಟಿಯಾಗಿ ಅತ್ತು, ‘ನಾನು ಯೋಸೇಫನು’ ಎಂದದ್ದು. ಹಗೆಯನ್ನು ಬಿಡುವುದು ನಿಮ್ಮೊಬ್ಬರ ಕೈಯಲ್ಲಿರುವ ಕೆಲಸ, ಅದನ್ನು ಇಂದೇ ಶುರುಮಾಡಬಹುದು. ಮತ್ತೆ ಒಂದಾಗುವುದಕ್ಕೆ ಇಬ್ಬರು ಬೇಕು. ಆಕೆಯ ಪಾಲಿನದನ್ನು ನೀವು ಮಾಡಿಕೊಡಲಾಗದು.

ಹಣದ ಮಾತು. ಸುಂಕ ವಸೂಲಿಯವನಾದ ಜಕ್ಕಾಯನು ಯೇಸುಸ್ವಾಮಿಯ ಮುಂದೆ ನಿಂತು, ಮೋಸದಿಂದ ಕಸಿದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುತ್ತೇನೆ ಎಂದನು. ಅವನ ಮಾನಸಾಂತರಕ್ಕೆ ಅಂಕಿ ಇತ್ತು. ನಿಮ್ಮ ಗೆಳತಿಯನ್ನು ಆ ಅಂಕಿ ಕೇಳುವುದು ಕ್ಷಮೆಯ ಕೊರತೆಯಲ್ಲ. ವಿಶ್ವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಬಾರದೆಂದು 1 ಕೊರಿಂಥದ 6ನೆಯ ಅಧ್ಯಾಯವನ್ನು ಯಾರಾದರೂ ತೋರಿಸಬಹುದು. ಅನ್ಯಾಯವನ್ನು ಸಹಿಸಿಕೊಳ್ಳಬಾರದೇಕೆ ಎಂದು ಆ ಪತ್ರ ಬರೆದ ಪೌಲನು ಕೇಳಿದ್ದೂ ನಿಜ. ಆದರೆ ಅದೇ ಉಸಿರಿನಲ್ಲಿ, ನಿಮ್ಮ ನಡುವೆ ನ್ಯಾಯ ತೀರಿಸುವ ಜಾಣನು ಒಬ್ಬನಾದರೂ ಇಲ್ಲವೇ ಎಂದು ಸಭೆಗೇ ನಾಚಿಕೆಯಾಗುವಂತೆ ಬೈದಿದ್ದಾನೆ. ಆದ್ದರಿಂದ ಸಭಾಪಾಲಕರ ಮುಂದೆ, ಇಬ್ಬರು ಸಾಕ್ಷಿಗಳನ್ನು ಕೂರಿಸಿಕೊಂಡು, ಲೆಕ್ಕದ ಕಾಗದಗಳನ್ನು ಇಟ್ಟು ಮಾತಾಡಿ. ಕೈ ಕುಲುಕುವುದು ಅಲ್ಲಿಯವರೆಗೆ ಕಾಯಲಿ.

ಪ್ರಶ್ನೆ: ನಾನು ದ್ರೋಹ ಮಾಡಿದವನು. ನನ್ನನ್ನು ಸಾಕಿ ಓದಿಸಿದ ಅಣ್ಣನ ವಿರುದ್ಧ, ನನ್ನ ಕೆಲಸ ಉಳಿಸಿಕೊಳ್ಳಲು ಸುಳ್ಳು ಸಾಕ್ಷಿ ಹೇಳಿದೆ. ಅವನು ಕೆಲಸ ಕಳೆದುಕೊಂಡ. ಯೇಸುವನ್ನು ಹಣಕ್ಕೆ ಹಿಡಿದುಕೊಟ್ಟ ಯೂದನಿಗೆ ಸಿಗದ ಕ್ಷಮೆ ನನಗೆ ಸಿಗುತ್ತದೆಯೇ?

ಉತ್ತರ: ಯೂದನ ಕಥೆಯನ್ನು ನಿಧಾನವಾಗಿ ಓದಿ. ಯೇಸುಸ್ವಾಮಿ ಆ ರಾತ್ರಿ ಶಿಷ್ಯರ ಪಾದ ತೊಳೆದಾಗ ಯೂದನೂ ಅಲ್ಲಿಯೇ ಕೂತಿದ್ದನು. ತೋಟದಲ್ಲಿ ಅವನು ಮುದ್ದಿಟ್ಟಾಗಲೂ ಮತ್ತಾಯನು ಬರೆದಂತೆ ಯೇಸುಸ್ವಾಮಿ ಅವನನ್ನು ಕರೆದದ್ದು ಗೆಳೆಯನೇ ಎಂದು. ಆಮೇಲೆ ಅವನಿಗೆ ಪಶ್ಚಾತ್ತಾಪವಾಗಲಿಲ್ಲವೇ? ಆಯಿತು. ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಒಯ್ದು, ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆನೆಂದು ಒಪ್ಪಿಕೊಂಡನು. ಆದರೆ ಒಪ್ಪಿಕೊಂಡದ್ದು ಯಾರ ಮುಂದೆ? ತನ್ನನ್ನು ಕೊಂಡವರ ಮುಂದೆ. ಅದು ನಮಗೇನು, ನೀನೇ ನೋಡಿಕೋ ಎಂದರು ಅವರು. ಅವನು ಒಬ್ಬಂಟಿಯಾಗಿ ಹೊರಗೆ ಹೋಗಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ನನ್ನ ಎದೆ ಹಿಂಡುವುದು ಅವನ ದ್ರೋಹಕ್ಕಿಂತ ಹೆಚ್ಚಾಗಿ ಆ ಒಂಟಿತನ. ಅವನ ಅಂತ್ಯದಂಥ ಯೋಚನೆ ನಿಮಗೂ ಬರುತ್ತಿದ್ದರೆ ದಯವಿಟ್ಟು ಇವತ್ತೇ, ಈಗಲೇ, ನಂಬುವ ಒಬ್ಬರಿಗೆ ಮತ್ತು ವೈದ್ಯರಿಗೆ ಹೇಳಿ.

ಅದೇ ರಾತ್ರಿ ಇನ್ನೊಬ್ಬ ಶಿಷ್ಯನಾದ ಪೇತ್ರನು ಯೇಸುಸ್ವಾಮಿಯನ್ನು ನಾನರಿಯೆ ಎಂದು ಮೂರು ಸಲ ಹೇಳಿದನು. ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತ ನಿಂತಿದ್ದನು. ಯೋಹಾನನು ತನ್ನ ಸುವಾರ್ತೆಯಲ್ಲಿ ಆ ಬೆಂಕಿಗೆ ಬಳಸಿದ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ: ಪುನರುತ್ಥಾನದ ನಂತರ, ಸರೋವರದ ದಡದಲ್ಲಿ ಯೇಸುಸ್ವಾಮಿ ಮೀನು ಸುಡಲು ಹೂಡಿದ್ದ ಇದ್ದಲ ಬೆಂಕಿಗೆ. ಅದೇ ಹೊಗೆಯ ವಾಸನೆಯ ಮುಂದೆ ಪೇತ್ರನನ್ನು ಕೂರಿಸಿ, ಮೊದಲು ಊಟ ಕೊಟ್ಟು, ‘ನನ್ನನ್ನು ಪ್ರೀತಿಸುತ್ತೀಯೋ’ ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ಪೇತ್ರನಿಗೆ ನೋವಾಯಿತು. ನೋವಾಗಲೆಂದು ಬಿಟ್ಟರು. ಕುರಿಗಳನ್ನು ಮೇಯಿಸು ಎಂದು ಹೊಣೆಯನ್ನೂ ಕೊಟ್ಟರು.

ಆದಿಸಭೆಗೂ ಈ ಪ್ರಶ್ನೆ ಬಂದಿತ್ತು. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೆಸಿಯಸ್‌ನ ಆಜ್ಞೆಗೆ ಹೆದರಿ ಅನೇಕ ವಿಶ್ವಾಸಿಗಳು ದೇವತೆಗಳಿಗೆ ಬಲಿ ಅರ್ಪಿಸಿದರು. ಕೆಲವರು ಅರ್ಪಿಸದೆಯೇ ಅರ್ಪಿಸಿದೆವೆಂಬ ಪತ್ರ ಪಡೆದರು. ಅವರು ಹಿಂದಿರುಗಿ ಬಂದಾಗ, ಸಭೆ ಅವರನ್ನು ಸೇರಿಸಲೇಬಾರದೆಂದು ರೋಮ್‌ನ ಪಾದ್ರಿ ನೊವೇಷಿಯನ್ ಹಟ ಹಿಡಿದನು. ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಅವನ ಜೊತೆಯವರು 251ರಲ್ಲಿ ಸಭೆ ಸೇರಿ, ತಪ್ಪಿನ ತೂಕ ನೋಡಿ ಪ್ರಾಯಶ್ಚಿತ್ತ ವಿಧಿಸಿದರು, ಬಾಗಿಲು ಮುಚ್ಚಲಿಲ್ಲ. ಸಭೆ ಉಳಿಸಿಕೊಂಡದ್ದು ಸಿಪ್ರಿಯನ್ ತೋರಿಸಿದ ದಾರಿಯನ್ನು.

ನಿಮ್ಮ ಕೆಲಸ ಇನ್ನೂ ಬಾಕಿಯಿದೆ. ಸುಳ್ಳು ಹೇಳಿದ ಜಾಗದಲ್ಲಿಯೇ ನಿಜ ಹೇಳಿ, ಬರವಣಿಗೆಯಲ್ಲಿ. ನಿಮ್ಮ ಕೆಲಸ ಹೋಗಬಹುದು. ಆಮೇಲೆ ಅಣ್ಣನ ಬಳಿ ಹೋಗಿ, ಕ್ಷಮಿಸು ಎಂದು ಒತ್ತಾಯಿಸದೆ, ಮಾಡಿದ್ದನ್ನು ಹೇಳಿ ಬನ್ನಿ. ಅವನು ಕ್ಷಮಿಸಲು ವರ್ಷಗಳೇ ಹಿಡಿಯಬಹುದು. ದೇವರು ಅಷ್ಟು ಕಾಯಿಸುವುದಿಲ್ಲ.

ಪ್ರಶ್ನೆ: ‘ಕ್ಷಮಿಸು, ಮರೆತುಬಿಡು’ ಎಂದು ಬೈಬಲಿನಲ್ಲಿ ಎಲ್ಲಿದೆ?

ಉತ್ತರ: ಆ ಜೋಡಿಮಾತು ಬೈಬಲಿನಲ್ಲಿಲ್ಲ. ಜನರ ಪಾಪವನ್ನು ಇನ್ನು ನೆನಪಿಗೆ ತಂದುಕೊಳ್ಳುವುದಿಲ್ಲವೆಂದು ಯೆರೆಮೀಯನ 31ನೆಯ ಅಧ್ಯಾಯದಲ್ಲಿ ದೇವರು ತನ್ನ ವಿಷಯವಾಗಿ ಹೇಳಿದ್ದಾನೆ. ಇನ್ನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಅದರ ಭಾವ. ಸಭೆಯಂತೂ ಮರೆತಿಲ್ಲ. ಕರ್ತನ ಭೋಜನದ ವಿಷಯವಾಗಿ ಪೌಲನು ಕೊರಿಂಥದವರಿಗೆ ಬರೆದ ಮಾತು ಶುರುವಾಗುವುದೇ ‘ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ’ ಎಂದು. ಇಂದಿಗೂ ಆ ಮಾತನ್ನು ಓದಿದ ಮೇಲೆ ರೊಟ್ಟಿ ಮುರಿಯುತ್ತೇವೆ.