ಎಕ್ಸ್‌ರೇ ನಾರ್ಮಲ್ ಅಂತ ಸುಮ್ಮನಿರಬೇಡಿ

ಅಮ್ಮನಿಗೆ 70 ದಾಟಿದೆ, ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್‌ಗೆ ಬಹಳ ವರ್ಷದಿಂದ ಅಲೆಂಡ್ರೊನೇಟ್ ಮಾತ್ರೆ ನುಂಗುತ್ತಿದ್ದಾರೆ, ಎಲ್ಲೂ ಬಿದ್ದಿಲ್ಲ, ಆದರೂ ನಡೆದರೆ ತೊಡೆಸಂದಿಯಲ್ಲಿ ನೋವು ಅಂದಿದ್ದೀರಿ. ಎಕ್ಸ್‌ರೇ ಸರಿಯಿದೆ, ಬೆಳಗಿನ ವಾಕಿಂಗ್ ಮುಂದುವರಿಸಬಹುದಾ ಅಂತ ನಿಮ್ಮ ಪ್ರಶ್ನೆ. ಬೇಡ. ಇವತ್ತೇ ನಿಲ್ಲಿಸಿ.

ಮೂಳೆ ದುರ್ಬಲವಾದಾಗ ದಿನದ ಓಡಾಟಕ್ಕೇ ಸೊಂಟದ ಕೀಲಿನ ಹತ್ತಿರ ಕೂದಲೆಳೆಯಂಥ ಬಿರುಕು ಬಿಡಬಹುದು. ಶುರುವಿನಲ್ಲಿ ಅದು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಎಂಆರ್‌ಐಯಲ್ಲಿ ಕಾಣುತ್ತದೆ. ಮೂಳೆ ಡಾಕ್ಟರ ಹತ್ತಿರ ಅದನ್ನೇ ನೇರವಾಗಿ ಕೇಳಿ. ಬೆಂಗಳೂರಿನ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆಗೆಂದೇ ಇರುವ ಸರ್ಕಾರಿ ಆಸ್ಪತ್ರೆ, ಅಲ್ಲೂ ತೋರಿಸಬಹುದು. ಅಲ್ಲಿಯವರೆಗೆ ವಾಕರ್ ಹಿಡಿಸಿ, ಆ ಕಾಲಿಗೆ ಭಾರ ಬೀಳದಿರಲಿ. ಎಣ್ಣೆ ತಿಕ್ಕಿಸುವುದು, ಕಾಲು ಎಳೆಸುವುದು ಖಂಡಿತ ಬೇಡ.

ಬಿರುಕು ಎಲ್ಲಿದೆ ಅನ್ನುವುದು ತುಂಬ ಮುಖ್ಯ. ತೊಡೆಮೂಳೆಯ ಕತ್ತಿನ, ಅಂದರೆ ಅದರ ಗುಂಡನೆಯ ತಲೆಯ ಕೆಳಗಿನ ಕಿರಿದಾದ ಭಾಗದ, ಕೆಳಬದಿಯಲ್ಲಿ ಚಿಕ್ಕದಾಗಿದ್ದರೆ, ಕೆಲವು ವಾರ ಭಾರ ಹಾಕದೆ ಇದ್ದರೆ ಕೂಡಿಕೊಳ್ಳಬಹುದು. ಮೇಲ್ಬದಿಯಲ್ಲಿದ್ದರೆ ಅಲ್ಲಿ ಎಳೆತ ಜಾಸ್ತಿ. ಪೂರ್ತಿ ಮುರಿದು ಜರುಗುವ ಅಪಾಯ ಇರುವುದರಿಂದ ಸಾಮಾನ್ಯವಾಗಿ ಸ್ಕ್ರೂ ಹಾಕುತ್ತಾರೆ. ಜರುಗಿದ ಮೇಲೆ ಮೂಳೆಯ ತಲೆಗೆ ರಕ್ತ ಹೋಗುವುದು ತಪ್ಪಬಹುದು, ಆಗ ಆಪರೇಷನ್ನೂ ದೊಡ್ಡದಾಗುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತೊಡೆಯ ನಡುಭಾಗದಲ್ಲೂ ನೋವಿದೆಯಾ, ಕೇಳಿ ನೋಡಿ. ಅಲೆಂಡ್ರೊನೇಟ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಅಪರೂಪಕ್ಕೆ ತೊಡೆಮೂಳೆಯ ಹೊರಬದಿಯಲ್ಲಿ ಬೇರೆ ಥರದ ಬಿರುಕು ಬರುತ್ತದೆ, ಕೆಲವರಿಗೆ ಎರಡೂ ಕಾಲಿಗೆ. ಎಷ್ಟು ವರ್ಷದಿಂದ ನುಂಗುತ್ತಿದ್ದಾರೆ ಅಂತ ಡಾಕ್ಟರಿಗೆ ಹೇಳಿ. ಮಾತ್ರೆ ನಿಲ್ಲಿಸಬೇಕಾ ಅನ್ನುವುದನ್ನು ಅವರೇ ಹೇಳಲಿ.

ಇದ್ದಕ್ಕಿದ್ದಂತೆ ಕಾಲೂರಲು ಆಗದಿದ್ದರೆ, ಕಾಲು ಗಿಡ್ಡವಾಗಿ ಹೊರಗೆ ತಿರುಗಿದಂತೆ ಕಂಡರೆ, ಎಬ್ಬಿಸಿ ನಿಲ್ಲಿಸಬೇಡಿ. ಮಲಗಿದಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಿ.